ಒಂದನೇ ಗುಳಿಯ ಕಿಟ್ಟ

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಎನಕ್ ನಟಾಲನ ಅಡುಗೆಮನೆಯ ಮೇಜಿನ ಮೇಲೆ ಯಾರೂ ಒಂದು ಚಮಚ ಕೂಡ ಇಡುವಂತಿರಲಿಲ್ಲ. ಅದು ಕಾಯಿಲ್ ತೊಳೆಯುವ ಹೊತ್ತು. ಹಳೆಯ ಪೇಪರು ಹಾಸಿ, ಅದರ ಮೇಲೆ ಚಿಮಟ, ಹಿತ್ತಾಳೆ ಎಳೆಯ ಪುಟ್ಟ ಬ್ರಷ್ಷು, ಒಂದು ಬಟ್ಟಲು ಬಿಸಿನೀರು, ಒಂದು ಉಂಡೆ ಹತ್ತಿ ಇಟ್ಟುಕೊಂಡು, ಹಾಕಿದ್ದ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ ಕೂತನೆಂದರೆ ಡೊರೀನ್ ಅತ್ತ ಸುಳಿಯುತ್ತಿರಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಕೈಯಲ್ಲಿ ಚಿಮಟ ಇರುವಾಗ ಮಾತಾಡಬಾರದೆಂಬುದು ಗೊತ್ತಿತ್ತು.

ಮೇಜಿನ ನಡುವೆ ಹನ್ನೆರಡು ಮೊಟ್ಟೆ ಹಿಡಿಯುವ ರಟ್ಟಿನ ಡಬ್ಬಿ. ಮುಚ್ಚಳದ ಒಂದೊಂದು ಉಬ್ಬಿನ ಮೇಲೂ ಒಂದೊಂದು ಹೆಸರು. ಪಾಡಿಹ್ಯಾಮ್‌ನ ದುಡಿಮೆಗಾರರ ಕ್ಲಬ್ಬಿನಲ್ಲಿ ಸಿಗರೇಟು ಬಿಟ್ಟು ವೇಪ್ ಎಂಬ ಬ್ಯಾಟರಿ ಸಿಗರೇಟು ಹಿಡಿದ ಹನ್ನೆರಡು ಜನ ತಮ್ಮ ತಮ್ಮ ಕಾಯಿಲ್, ಅಂದರೆ ಹತ್ತಿಗೆ ಹೀರಿದ ದ್ರವ ಕಾಯಿಸಿ ಆವಿ ಮಾಡುವ ತಂತಿ ಸುರುಳಿ, ಬಿಚ್ಚಿ ಆ ಡಬ್ಬಿಯ ಗುಳಿಯಲ್ಲಿ ಹಾಕುತ್ತಿದ್ದರು. ಡಬ್ಬಿ ಇರುತ್ತಿದ್ದದ್ದು ಕ್ಲಬ್ಬಿನಲ್ಲಿ ಗ್ಲಾಸು ತುಂಬಿಸಿಕೊಡುವ ಬೆರಿಲ್‌ಳ ಬಾರಿನ ಕಟ್ಟೆಯ ಮೇಲೆ. ಗುರುವಾರ ಬೆಳಿಗ್ಗೆ ಎನಕ್ ಅದನ್ನು ಮನೆಗೆ ತರುವುದು, ಮಧ್ಯಾಹ್ನ ತೊಳೆಯುವುದು, ಶನಿವಾರ ವಾಪಸು ಕೊಡುವುದು. ಕಾಯಿಲುಗಳೆಲ್ಲ ಅವನೇ ಸುತ್ತಿಕೊಟ್ಟವು. ಒಂದೇ ತಂತಿ, ಒಂದೇ ಅಳತೆ, ಆರೇ ಸುತ್ತು. ಹೆಸರಿಲ್ಲದಿದ್ದರೆ ಹೆತ್ತ ತಾಯಿಗೂ ಗುರುತು ಸಿಗದಷ್ಟು ಒಂದೇ ಥರ.

ಹಾಗಿದ್ದರೆ ಮಾತ್ರ ಅವನಿಗೆ ಸಮಾಧಾನ. ಹದಿನೈದಕ್ಕೆ ಶಾಲೆ ಬಿಟ್ಟು ಗಿರಣಿಗೆ ಸೇರಿದವನು, ಇಪ್ಪತ್ತೈದಕ್ಕೆ ಮಗ್ಗದ ಮೇಸ್ತ್ರಿಯಾದ. ಮಗ್ಗ ಕೆಟ್ಟರೆ ಅದರ ಹೊಟ್ಟೆಗೆ ಕೈ ಹಾಕಿ ಕಾಯಿಲೆ ಹೇಳುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ಕೈಗೆ ಕೆಲಸವಿಲ್ಲದೆ ಎಲ್ಲದರ ಮೇಲೂ ಅನುಮಾನ ಶುರುವಾಯಿತು. ಕಟುಕನ ಅಂಗಡಿಯಲ್ಲಿ ಸಾಸೇಜನ್ನು ಮೂಸಿ ನೋಡುತ್ತಿದ್ದ. ಗ್ಯಾಸ್ ಮೀಟರ್ ಓದಲು ಬಂದವನ ಹಿಂದೆ ಮೆಟ್ಟಿಲ ಕೆಳಗಿನ ಗೂಡಿನವರೆಗೂ ಹೋಗಿ ನಿಲ್ಲುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ. ಒಮ್ಮೆ ಬಿಂಗೋ ಕೂಗುವವನು ಎರಡು ಸಲ ಒಂದೇ ನಂಬರು ಕೂಗಿದನೆಂದು ಅವನ ಮೈಕಿನ ವೈರನ್ನೇ ಕಿತ್ತು ತಂದಿದ್ದ.

ಆದರೆ ಕಾಯಿಲಿನ ವಿಚಾರದಲ್ಲಿ ಅವನ ಮಾತು ಸುಳ್ಳಾದದ್ದಿಲ್ಲ. ತಂತಿಗೆ ಹತ್ತಿದ ಕಿಟ್ಟ ನೋಡಿ ಯಾರು ಏನು ಎಳೆಯುತ್ತಿದ್ದಾರೆ, ಎಷ್ಟು ಎಳೆಯುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಬರೀ ಪುದೀನದ ದ್ರವವಾದರೆ ತಿಂಗಳಾದರೂ ತಂತಿ ಹೊಳೆಯುತ್ತಲೇ ಇರುತ್ತದೆ, ತೆಳ್ಳಗೆ ಕಂದು ಮಾತ್ರ ಹಿಡಿದಿರುತ್ತದೆ. ಸಿಹಿ ಬೆರೆತದ್ದಾದರೆ ವಾರದೊಳಗೆ ಕರ್ರಗೆ, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಗಟ್ಟಿ ಹಕ್ಕಳೆ ಕಟ್ಟುತ್ತದೆ. 'ಬಾಯಿ ಸುಳ್ಳು ಹೇಳುತ್ತೆ, ಕಿಟ್ಟ ಹೇಳಲ್ಲ' ಎಂದು ಕ್ಲಬ್ಬಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಆ ಗುರುವಾರ ಜುಲೈ ತಿಂಗಳ ಊರ ರಜೆಯ ಮೊದಲ ವಾರ. ಗಿರಣಿಗಳು ಹೋಗಿ ಎಷ್ಟು ಕಾಲವಾದರೂ ಆ ಎರಡು ವಾರ ಊರಿಗೆ ಊರೇ ಬ್ಲ್ಯಾಕ್‌ಪೂಲಿನ ಕಡಲಿಗೆ ಹೋಗುವುದು ತಪ್ಪಿಲ್ಲ. ಡಬ್ಬಿಯಲ್ಲಿ ಇದ್ದದ್ದು ಎರಡೇ ಕಾಯಿಲು. ಒಂದು ಮೂಲೆಯ ಒಂದನೇ ಗುಳಿ ಡೊರೀನಳದು. ಕರ್ಣಕ್ಕೆ ಎದುರು ಮೂಲೆಯ ಹನ್ನೆರಡನೆಯದು ಕ್ಲೆಮ್ ಹಿಂಡಲ್‌ನದು. ಬೆಳಿಗ್ಗೆ ತರುವಾಗ ಜಡಿಮಳೆ. ರಟ್ಟು ನೆಂದು ಮುಚ್ಚಳದ ಕೀಲು ಹರಿದು ಕೈಗೆ ಬಂದಿತ್ತು. ಬಸ್ ಸ್ಟಾಪಿನ ಚಾವಣಿಯಡಿ ನಿಂತು ಮುಚ್ಚಳ ಕೂರಿಸಿ, ದಾರ ಸುತ್ತಿ, ಮಳೆಗೆ ನಾಲ್ಕು ಬೈಗುಳ ಬೈದು ತಂದಿದ್ದ.

ದಾರ ಬಿಚ್ಚಿದ. ಹೆಂಡತಿಯ ಹೆಸರಿನ ಕೆಳಗಿನ ಗುಳಿಗೆ ಚಿಮಟ ಹಾಕಿದ. ಮೇಲೆ ಬಂದದ್ದು ಕರೀ ಮುದ್ದೆ.

ಎನಕ್‌ನ ಕೈ ಹಾಗೇ ನಿಂತಿತು. ಎರಡು ಚಳಿಗಾಲದ ಹಿಂದೆ ಡೊರೀನ್ ಶ್ವಾಸಕೋಶ ಕಟ್ಟಿಕೊಂಡು ಬರ್ನ್‌ಲಿಯ ಆಸ್ಪತ್ರೆಯಲ್ಲಿ ಹದಿನಾರು ದಿನ ಮಲಗಿದ್ದಳು. ಇನ್ನೊಂದು ಸಲ ಹೀಗಾದರೆ ಎತ್ತುವುದು ಕಷ್ಟ ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ಆಮೇಲೆ ಅವಳ ವೇಪ್‌ನಲ್ಲಿ ನಿಕೋಟಿನ್ ಇಲ್ಲದ ಬರೀ ಪುದೀನ. ಅದೂ ದಿನಕ್ಕೆ ನಾಲ್ಕು ಸಲ, ಕೈಗೆ ಏನಾದರೂ ಬೇಕಲ್ಲ ಎಂದು.

ಹತ್ತಿಯನ್ನು ಎಳೆದು ಮೂಗಿಗೆ ಹಿಡಿದ. ರಮ್ಮು. ರಮ್ಮಿನ ಹಿಂದೆ ಕಸ್ಟರ್ಡಿನ ಸಿಹಿ. ಆ ಹಾಳು ವಾಸನೆಯ ದ್ರವ ಎಳೆಯುವವನು ಇಡೀ ಕ್ಲಬ್ಬಿನಲ್ಲಿ ಒಬ್ಬನೇ. ಅವನು ಬಂದನೆಂದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಕ್ಲೆಮ್ ಹಿಂಡಲ್. ಹೆಂಡತಿ ಸತ್ತು ಆರು ವರ್ಷವಾದವನು, ಬ್ಯಾಂಡಿನಲ್ಲಿ ಮೂವತ್ತು ವರ್ಷ ಕಹಳೆ ಊದಿದವನು, ಅರವತ್ತೈದಾದರೂ ಶೂಗೆ ಪಾಲಿಶ್ ಹಾಕುವುದು ಬಿಡದವನು.

ಅವನ ವೇಪ್ ಇವಳ ಬಾಯಲ್ಲಿ, ಇವಳದು ಅವನ ಬಾಯಲ್ಲಿ. ಎನಕ್‌ನ ತಲೆಗೆ ಮೊದಲು ಹೊಕ್ಕದ್ದು ಅದೇ. ಅಲ್ಲಿಂದ ಮುಂದಕ್ಕೆ ಅವನ ತಲೆ ಮಗ್ಗದ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡತೊಡಗಿತು.

ಹನ್ನೆರಡನೇ ಗುಳಿಯ ಕಾಯಿಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ಡಬ್ಬಿಯನ್ನೇ ಬೋರಲು ಮಾಡಿ, ಅದನ್ನು ತುಂಡು ತಂತಿ ಹಾಕುವ ತಗಡಿನ ಡಬ್ಬಕ್ಕೆ ಕೆಡವಿ, ಮುಚ್ಚಳ ಒತ್ತಿದ. ಕರೀ ಮುದ್ದೆಯನ್ನು ತೊಳೆಯಲಿಲ್ಲ. ಖಾಲಿ ಬೆಂಕಿಪೊಟ್ಟಣದಲ್ಲಿಟ್ಟು ಜೇಬಿಗೆ ಹಾಕಿಕೊಂಡ.

"ನಂದು ಆಯ್ತಾ?" ಡೊರೀನ್ ಮುಂದಿನ ಕೋಣೆಯಿಂದ ಕೇಳಿದಳು.

"ತಂತಿ ಸವೆದಿತ್ತು. ಹೊಸದು ಹಾಕ್ಕೊಡ್ತೀನಿ."

"ಹೋದ ತಿಂಗಳು ತಾನೇ ಹೊಸದು ಹಾಕಿದ್ದೆ?"

"ಜಾಸ್ತಿ ಎಳೆದ್ರೆ ಬೇಗ ಸವೆಯುತ್ತೆ."

"ನಾನೆಲ್ಲಿ ಜಾಸ್ತಿ ಎಳೀತೀನೋ ಮಾರಾಯ. ದಿನಕ್ಕೆ ನಾಲ್ಕು ಸಲ, ಅದನ್ನೂ ನೀನೇ ಎಣಿಸ್ತೀಯ."

ಬಾಗಿಲಿಗೆ ಬಂದು ನಿಂತಳು. ಎನಕ್ ಅವಳ ಬಾಯನ್ನೇ ನೋಡಿದ. "ಏನು, ಮುಖಕ್ಕೆ ಏನಾದ್ರೂ ಮೆತ್ಕೊಂಡಿದ್ಯಾ?" ಎಂದು ಅವಳು ತುಟಿ ಒರೆಸಿಕೊಂಡಳು. ಒರೆಸಿಕೊಂಡದ್ದೂ ಅವನ ಲೆಕ್ಕಕ್ಕೆ ಸೇರಿತು.

"ಮಂಗಳವಾರ ಎಲ್ಲಿಗೆ ಹೋಗಿದ್ದೆ?"

"ಲೈಬ್ರರಿಗೆ."

"ಪುಸ್ತಕ ಕಾಣ್ಲಿಲ್ಲ."

"ಅಲ್ಲೇ ಕೂತು ಓದ್ದೆ. ಇದೇನು, ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?"

ನಗುತ್ತಲೇ ಹೇಳಿದಳು. ಆದರೆ ಹೇಳುವಾಗ ಕಿವಿಯ ತುದಿ ಕೆಂಪಾದದ್ದನ್ನು ಎರಡು ಕನ್ನಡಕದ ಹಿಂದಿನಿಂದ ಎನಕ್ ನೋಡಿದ. ಡೊರೀನಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಶನಿವಾರ ಸಂಜೆ ಡಬ್ಬಿ ಹಿಡಿದು ಕ್ಲಬ್ಬಿಗೆ ಹೋದ. ಒಳಗೆ ಏಳೆಂಟು ಜನವಷ್ಟೇ ಇದ್ದರು. ಬೆರಿಲ್ ಯಾರಿಗೋ ಸಿಹಿ ಮದ್ಯ ಬೆನೆಡಿಕ್ಟಿನ್‌ಗೆ ಬಿಸಿನೀರು ಬೆರೆಸುತ್ತಿದ್ದಳು. ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ ತನ್ನ ಮೂಲೆಗೆ ಹೋಗಿ ಕೂತ. ಕ್ಲೆಮ್ ಎದ್ದು ಬಂದು ತನ್ನ ಗುಳಿ ನೋಡಿದ, ಖಾಲಿ.

"ಏನಣ್ಣ ಮೇಸ್ತ್ರಿ, ನಂದು ನುಂಗಿಬಿಟ್ಯಾ?"

"ಸವೆದಿತ್ತು. ಬಿಸಾಕ್ದೆ."

"ಹೊಸದೊಂದು ಸುತ್ತಿ ಕೊಡ್ಬಾರ್ದಾ?"

"ತಂತಿ ಇಲ್ಲ."

"ನಿನ್ನ ಹತ್ರ ತಂತಿ ಇಲ್ಲ ಅಂದ್ರೆ ಊರಲ್ಲಿ ನೀರಿಲ್ಲ ಅಂದ ಹಾಗಾಯ್ತು" ಎಂದು ಕ್ಲೆಮ್ ನಕ್ಕು, ಆಮೇಲೆ ಏನೋ ನೆನಪಾದವನಂತೆ, "ಡೊರೀನ್ ಹೆಂಗಿದಾಳೆ? ಉಸಿರು ಸುಮಾರಾಗಿದ್ಯಾ?" ಎಂದ.

"ಅವಳ ಉಸಿರು ಕಟ್ಕೊಂಡು ನಿನಗೇನಾಗ್ಬೇಕು?"

ಕ್ಲೆಮ್ ಭುಜ ಕುಣಿಸಿ ಹೋದ. ಅವನು ಮರುಮಾತಾಡದೆ ಹೋದದ್ದೂ ಎನಕ್‌ನ ಕಣ್ಣಿಗೆ ಕಳ್ಳತನವಾಗಿಯೇ ಕಂಡಿತು.

ಮಂಗಳವಾರ ಎರಡು ಗಂಟೆಗೆ ಡೊರೀನ್ ನೀಲಿ ಕೋಟು ಹಾಕಿಕೊಂಡು ಹೊರಟಳು. ಎನಕ್ ನೂರು ಎಣಿಸಿ ಹಿಂದೆ ಹೊರಟ. ಲೈಬ್ರರಿ ಇರುವುದು ಕೆಳಗೆ, ಸೇತುವೆಯ ಕಡೆ. ಅವಳು ಹತ್ತಿದ್ದು ಗುಡ್ಡದ ಕಡೆ. ಎರಡು ಸಲ ನಿಂತು ಗೋಡೆಗೆ ಕೈ ಕೊಟ್ಟು ಉಸಿರು ತೆಗೆದುಕೊಂಡಳು. ಅವಳು ನಿಂತಾಗೆಲ್ಲ ಇವನೂ ಕೆಳಗೆ ಅಂಚೆ ಡಬ್ಬದ ಮರೆಯಲ್ಲಿ ನಿಂತ. ಅಷ್ಟು ಕಷ್ಟಪಟ್ಟು ಹತ್ತುವಂಥದ್ದು ಮೇಲೇನಿದೆ ಎಂದುಕೊಂಡ. ಮೇಲೇನಿದೆಯೆಂದು ಅವನಿಗೆ ಗೊತ್ತಿತ್ತು. ಸಾಲುಮನೆಗಳಲ್ಲಿ ಕೊನೆಯದು, ಹಸಿರು ಬಾಗಿಲಿನದು, ಕ್ಲೆಮ್‌ನದು. ಬಾಗಿಲು ತಟ್ಟುವ ಮೊದಲೇ ತೆರೆಯಿತು.

ಮನೆಗಳ ಹಿಂದಿನ ಓಣಿಗೆ ಸುತ್ತಿ ಹೋಗಿ, ಕ್ಲೆಮ್‌ನ ಹಿತ್ತಿಲ ಗೋಡೆಗೆ ಬೆನ್ನು ಹಚ್ಚಿ, ಕಸದ ತೊಟ್ಟಿಗಳ ನಡುವೆ ನಿಂತ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಕಿಟಕಿಯಿಂದ ಕಹಳೆಯ ದನಿ ಬಂತು. ಒಂದು ಉದ್ದನೆಯ ಸ್ವರ, ಅದು ನಡುಗಿ ಕಡಿಯಿತು. ನಿಂತಿತು. ಮತ್ತೆ ಅದೇ ಸ್ವರ. ನಡುವೆ ಡೊರೀನಳ ನಗು. ಆ ನಗು ಅವನು ಮನೆಯಲ್ಲಿ ಕೇಳಿ ಎಷ್ಟು ದಿನವಾಗಿತ್ತೋ.

ಊದಿ ಊದಿ ಮರುಳು ಮಾಡುತ್ತಿದ್ದಾನೆ ಎಂದುಕೊಂಡ. ಬಾಗಿಲು ಒದೆಯಲು ಒಂದು ಹೆಜ್ಜೆ ಇಟ್ಟು ನಿಂತ. ಬೇಡ, ಎಲ್ಲರೆದುರಿಗೆ, ಬೆಂಕಿಪೊಟ್ಟಣ ತೆಗೆದಿಟ್ಟು, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಹಾಗೆ.

ನಾಲ್ಕಕ್ಕೆ ಡೊರೀನ್ ಮನೆಗೆ ಬಂದಳು. ಕೆನ್ನೆ ಕೆಂಪೇರಿತ್ತು.

"ಏನು ಓದ್ದೆ?"

"ಪೇಪರ್" ಎಂದು ನೀರು ಕುದಿಯಲಿಟ್ಟಳು. ತುಟಿಯ ನಡುವೆ ದುಂಡಗೆ ಒಂದು ಗುರುತು ಬಿದ್ದಿತ್ತು. ಅದನ್ನು ಕಂಡು ಎನಕ್ ಊಟವಿಲ್ಲದೆ ಎದ್ದುಹೋದ. ಆ ವಾರದ ಗುರುವಾರ ಡಬ್ಬಿ ತರಲೂ ಹೋಗಲಿಲ್ಲ.

ಶನಿವಾರದ ಹೊತ್ತಿಗೆ ರಜೆ ಮುಗಿದು ಊರು ವಾಪಸಾಗಿತ್ತು. ಬಿಸಿಲಿಗೆ ಮೂಗು ಸುಲಿದವರು, ಬ್ಲ್ಯಾಕ್‌ಪೂಲಿನ ಮಿಠಾಯಿ ಕೋಲು ತಂದವರು, ಕ್ಲಬ್ಬು ತುಂಬಿತ್ತು. ಡೊರೀನ್ ಹೆಂಗಸರ ಮೇಜಿನಲ್ಲಿ ಕೂತು ಆಲೂಗಡ್ಡೆಯ ಬೆಣ್ಣೆ ಕಡುಬಿಗೆ ಹುಳಿಯಲ್ಲಿ ನೆನೆಸಿದ ಕೆಂಪು ಕೋಸು ಹಚ್ಚಿ ತಿನ್ನುತ್ತಿದ್ದಳು. ಎನಕ್ ನೇರವಾಗಿ ಕ್ಲೆಮ್‌ನ ಮೇಜಿಗೆ ಹೋಗಿ, ಅವನ ಗ್ಲಾಸು ಸರಿಸಿ, ಬೆಂಕಿಪೊಟ್ಟಣ ತೆರೆದಿಟ್ಟ.

"ಇದು ಯಾರ್ದು ಅಂತ ಹೇಳು."

ಕ್ಲೆಮ್ ಬಾಗಿ ನೋಡಿದ, ಮೂಸಿದ. "ನಂದೇ."

"ಒಪ್ಕೊಂಡ್ಯಾ?"

"ನನ್ನ ಕಾಯಿಲ್ ನಂದು ಅನ್ನೋಕೆ ಒಪ್ಕೊಳ್ಳೋದೇನು ಬಂತು? ಬಿಸಾಕ್ದೆ ಅಂದಿದ್ದೆ, ಜೇಬಲ್ಲಿ ಇಟ್ಕೊಂಡು ತಿರುಗ್ತಿದ್ಯಾ? ಅಷ್ಟು ಪ್ರೀತಿನಾ ನನ್ನ ಮೇಲೆ?"

ಅಕ್ಕಪಕ್ಕದವರು ನಕ್ಕರು. ಎನಕ್ ಮೇಜು ಕುಟ್ಟಿದ.

"ಇದು ಒಂದನೇ ಗುಳೀಲಿತ್ತು. ನನ್ನ ಹೆಂಡ್ತಿ ಗುಳೀಲಿ. ನಿನ್ನ ಎಂಜಲು ಅವಳ ತಂತೀಲಿ ಹೆಂಗೆ ಬಂತು ಅಂತ ಈ ಜನಕ್ಕೆ ಹೇಳು. ಮಂಗಳವಾರ ಮಂಗಳವಾರ ನಿನ್ನ ಮನೇಲಿ ಅವಳಿಗೇನು ಕೆಲಸ ಅಂತಾನೂ ಹೇಳು. ನಿನ್ನ ಹಿತ್ಲಲ್ಲಿ ನಿಂತು ನೀನು ಅವಳಿಗೆ ಊದಿದ್ದೆಲ್ಲ ಕೇಳಿದೀನಿ."

ಹೆಂಗಸರ ಮೇಜಿನಲ್ಲಿ ಫೋರ್ಕು ತಟ್ಟೆಗೆ ತಗಲಿದ ಸದ್ದಾಯಿತು. ಡೊರೀನ್ ಎದ್ದು, ಕುರ್ಚಿಯ ಬೆನ್ನಿಗೆ ಹಾಕಿದ್ದ ನೀಲಿ ಕೋಟು ತೊಟ್ಟು, ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ಹಾಕಿಕೊಂಡು, ಗಂಡನ ಕಡೆ ನೋಡದೆ ಹೊರಗೆ ನಡೆದಳು.

ಕ್ಲೆಮ್‌ನ ಮುಖದಲ್ಲಿ ಈಗ ನಗುವಿರಲಿಲ್ಲ. "ಮೂವತ್ತು ವರ್ಷ ಬ್ಯಾಂಡಲ್ಲಿ ಊದಿದೀನಿ ಎನಕ್. ಆ ಕರು ಅರಚಿದಂಗೆ ಇತ್ತಲ್ಲ, ಅದು ನಾನು ಊದಿದ್ದು ಅಂದ್ಕೊಂಡ್ಯಾ?"

ಎನಕ್ ಬೆಂಕಿಪೊಟ್ಟಣವನ್ನು ಅವನ ಕಡೆಗೆ ಇನ್ನಷ್ಟು ತಳ್ಳಿದ.

"ಅವಳೇ ಊದಿದ್ದು. ಉಸಿರಿಗೆ ಬಲ ಬರ್ಬೇಕು, ಏನಾದ್ರೂ ಊದೋದು ಕಲಿ ಅಂತ ಆಸ್ಪತ್ರೆ ನರ್ಸ್ ಹೇಳಿದ್ಳಂತೆ. ನಂಗೆ ಯಾರಿಗೂ ಹೇಳ್ಬೇಡ ಅಂದಿದ್ಳು. ಮಾತು ಮುರಿದೆ, ಅದೂ ನಿನ್ನಿಂದ."

"ಹಂಗಾದ್ರೆ ಈ ಕಿಟ್ಟ?" ಎನಕ್ ಹಿಡಿದ ಪಟ್ಟು ಬಿಡಲಿಲ್ಲ. "ಕಿಟ್ಟ ಸುಳ್ಳು ಹೇಳುತ್ತಾ?"

ಕಟ್ಟೆಯ ಹಿಂದಿನಿಂದ ಬೆರಿಲ್ ಮೊಟ್ಟೆ ಡಬ್ಬಿಯನ್ನು ಎತ್ತಿ ತೋರಿಸಿದಳು. "ಬಂಗಾರ, ಹೋದ ಶನಿವಾರ ಇದನ್ನ ನೀನು ತಂದಾಗ ಮುಚ್ಚಳ ಹಿಂದುಮುಂದಾಗಿತ್ತು. ಕೊಕ್ಕೆ ಒಂದು ಕಡೆ, ಅದು ಸಿಕ್ಕಿಕೊಳ್ಳೋ ತೂತು ಇನ್ನೊಂದು ಕಡೆ. ನಾನೇ ತಿರುಗಿಸಿ ಟೇಪ್ ಹಚ್ಚಿಟ್ಟಿದ್ದು. ಅವತ್ತು ತೊಳೆಯೋವಾಗ ಹೆಂಗಿತ್ತೋ ನೋಡ್ಕೋ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಎನಕ್ ಯಾರ ಮೇಲಾದರೂ ಹರಿಹಾಯುತ್ತಿದ್ದ. ಒಂದನೇ ಗುಳಿ ಹನ್ನೆರಡನೆಯದಾಗುತ್ತದೆ, ಹನ್ನೆರಡನೆಯದು ಒಂದಾಗುತ್ತದೆ. ಬಸ್ ಸ್ಟಾಪು, ಮಳೆ, ದಾರ ಎಲ್ಲ ಕಣ್ಣ ಮುಂದೆ ಬಂತು. ಆದರೂ ಅವನಂಥವನ ಅನುಮಾನ ಹಾಗೆ ಸಾಯುವಂಥದ್ದಲ್ಲ. ಬೆರಿಲ್ ಕ್ಲೆಮ್‌ನ ಪರವಾಗಿ ಮಾತಾಡುತ್ತಿರಬಹುದು. ತಿಳಿಯಲು ಒಂದೇ ದಾರಿ. ಅಂದು ಮುಚ್ಚಳ ತಿರುಗಿದ್ದರೆ, ಕ್ಲೆಮ್‌ನದೆಂದು ತಾನು ನೋಡದೆ ಕೆಡವಿದ ಕಾಯಿಲು ಡೊರೀನಳದಾಗಿರಬೇಕು.

ಮನೆಗೆ ಬಂದಾಗ ಅವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು. ಎನಕ್ ತಗಡಿನ ಡಬ್ಬ ತೆಗೆದು ಮೇಜಿನ ಮೇಲೆ ಸುರಿದ. ಬರೀ ತುಂಡು ತಂತಿಗಳ ನಡುವೆ ಹತ್ತಿ ಇನ್ನೂ ಒಳಗಿದ್ದ ಕಾಯಿಲು ಒಂದೇ ಒಂದು. ಚಿಮಟ ಬೇಕಾಗಲಿಲ್ಲ, ಬೆರಳಲ್ಲೇ ಎತ್ತಿದ. ತಂತಿ ಹೊಳೆಯುತ್ತಿತ್ತು. ಆರು ಸುತ್ತೂ ಬೇರೆ ಬೇರೆ ಕಾಣುತ್ತಿದ್ದವು. ಹತ್ತಿ ಒಣಗಿದ್ದರೂ ಮೂಗಿಗೆ ಹಿಡಿದಾಗ ತಣ್ಣಗೆ ಪುದೀನದ ವಾಸನೆ ಬಂತು.

"ಸಿಕ್ತಾ?" ಡೊರೀನ್ ಕೇಳಿದಳು.

"ಮುಚ್ಚಳ ತಿರುಗಿತ್ತು ಕಣೇ. ಮಳೆಗೆ ಹರಿದಿತ್ತು. ಅದು ಅವನ್ದು, ಇದು ನಿಂದು."

"ನನ್ನ ಬಾಯಿಗೆ ಏನು ಹೋಗುತ್ತೆ ಅಂತ ನನ್ನನ್ನೇ ಕೇಳ್ಬಹುದಿತ್ತು."

"ಲೈಬ್ರರಿ ಅಂತ ಸುಳ್ಳು ಹೇಳಿದ್ಯಲ್ಲ."

"ಹೇಳ್ದೆ. ಊದೋಕೆ ಹೋಗ್ತೀನಿ ಅಂದಿದ್ರೆ ನೀನು ಕ್ಲಬ್ಬಲ್ಲಿ ಡಂಗುರ ಹೊಡೆದು, ಎಲ್ಲರೆದುರಿಗೆ ಊದಿಸಿ, ನಗಾಡ್ತಿದ್ದೆ. ಇಲ್ಲ ಅನ್ನು ನೋಡೋಣ."

ಎನಕ್ ಇಲ್ಲ ಅನ್ನಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು" ಎಂದಳು. ದನಿ ಏರಿರಲಿಲ್ಲ. "ಆ ಕರೀ ಮುದ್ದೆ ನನ್ನ ಗುಳೀಲಿ ಕಂಡಾಗ ನಿನಗೆ ಮೊದಲು ಏನನ್ನಿಸ್ತು? ಇವಳು ಮತ್ತೆ ಶುರು ಮಾಡಿದಾಳೆ, ಶ್ವಾಸಕೋಶ ಹೋಗುತ್ತೆ, ಸಾಯ್ತಾಳೆ ಅಂತ ಅನ್ನಿಸ್ತಾ? ಇಲ್ಲ ಕ್ಲೆಮ್‌ನ ಬಾಯಿ ನೆನಪಾಯ್ತಾ?"

ಮಗ್ಗದ ಹೊಟ್ಟೆಗೆ ಕೈ ಹಾಕಿ ಕಾಯಿಲೆ ಹೇಳುತ್ತಿದ್ದ ಮೇಸ್ತ್ರಿ ಮೇಜಿನ ಮೇಲಿನ ತುಂಡು ತಂತಿಗಳನ್ನು ಒಂದು ಕಡೆಗೆ ಗುಡಿಸತೊಡಗಿದ.

"ಗುಡ್ಡ ಹತ್ತುವಾಗ ನನ್ನ ಹಿಂದೇನೇ ಇದ್ದೆ ಅಲ್ವಾ? ನಾನು ಗೋಡೆ ಹಿಡ್ಕೊಂಡು ನಿಂತಿದ್ದು ನೋಡಿದ್ಯಾ?"

"ನೋಡ್ದೆ."

"ಹೂಂ" ಎಂದಳು ಡೊರೀನ್. ಎದ್ದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಅವನ ಕೈಯಿಂದ ತನ್ನ ಕಾಯಿಲನ್ನು ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮಾರನೇ ದಿನವೇ ಎನಕ್ ಕ್ಲೆಮ್‌ನ ಹಸಿರು ಬಾಗಿಲು ತಟ್ಟಿ ಎರಡು ಹೊಸ ಕಾಯಿಲು ಕೊಟ್ಟ. "ತಂತಿ ಸಿಕ್ತು" ಎಂದ. ಕ್ಲೆಮ್ "ಸಿಕ್ದೆ ಏನು" ಎಂದು ಇಸಿದುಕೊಂಡ. ಒಳಗೆ ಬಾ ಅನ್ನಲಿಲ್ಲ. ಮೊಟ್ಟೆ ಡಬ್ಬಿಯ ಮುಚ್ಚಳಕ್ಕೂ ತಳಕ್ಕೂ ಎನಕ್ ಕೆಂಪು ಬಣ್ಣದಲ್ಲಿ ಗುರುತು ಹಾಕಿದ, ಇನ್ನು ಕುರುಡನೂ ತಪ್ಪಿ ಮುಚ್ಚದ ಹಾಗೆ. ಕ್ಲಬ್ಬಿನವರು ಮತ್ತೆ ಕಾಯಿಲು ಹಾಕತೊಡಗಿದರು. ಕಿಟ್ಟ ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ಮಾತ್ರ ಅವನು ಮತ್ತೆ ಆಡಲಿಲ್ಲ. ಬೇರೆಯವರು ಅವನನ್ನು ಕೆಣಕಲು ಆಡುತ್ತಿದ್ದರು.

ಮುಂದಿನ ಗುರುವಾರ ದಾರ ಬಿಚ್ಚಿ ನೋಡಿದಾಗ ಹನ್ನೊಂದು ಗುಳಿ ತುಂಬಿತ್ತು. ಒಂದನೆಯದು ಖಾಲಿ. ಮುಚ್ಚಳದ ಮೇಲೆ ಆ ಹೆಸರಿಗೆ ಅಡ್ಡಗೆರೆ ಎಳೆದಿತ್ತು.

ಡೊರೀನ್ ಎಂದೂ ಬಾರದವಳು ಅವತ್ತು ಅದೇ ಹೊತ್ತಿಗೆ ಅಡುಗೆಮನೆಗೆ ಬಂದು, ನಲ್ಲಿ ತಿರುಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತನ್ನ ಕಾಯಿಲನ್ನು ತಾನೇ ಉಜ್ಜತೊಡಗಿದಳು. ಬಿಸಿನೀರಿನಲ್ಲಿ ನೆನೆಸದೆ, ಒತ್ತಿ ಒತ್ತಿ ಉಜ್ಜುತ್ತಿದ್ದಳು. ಹಾಗೆ ಒತ್ತಿದರೆ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಕಡೆ ಸುಡುತ್ತವೆ, ಹತ್ತಿ ಸೀಯುತ್ತದೆ. ಎನಕ್ ಚಿಮಟ ಹಿಡಿದು ಎರಡು ಕನ್ನಡಕದ ಮೇಲಿಂದ ಅವಳ ಮೊಣಕೈ ಆಡುವುದನ್ನೇ ನೋಡಿದ. ತಿದ್ದಲು ಹೋಗದೆ ಚಿಮಟ ಇಟ್ಟು ತನ್ನ ಬ್ರಷ್ಷು ಕೈಗೆ ತೆಗೆದುಕೊಂಡ.

ಅವಳು ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿ, ಏಪ್ರನ್ನಿನ ತುದಿಯಿಂದ ಒರೆಸಿ, ಮುಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ, ಕ್ಲೆಮ್ ಎರವಲು ಕೊಟ್ಟ ಕಹಳೆಯ ದನಿ ಬಂತು. ಈಗ ಅದು ಗುಡ್ಡದ ಮೇಲಲ್ಲ, ತನ್ನ ಮನೆಯಲ್ಲೇ, ಬಾಗಿಲು ತೆರೆದಿಟ್ಟು. ಒಂದು ಉದ್ದನೆಯ ಸ್ವರ ನಡುಗುತ್ತ ಹೊರಟಿತು. ಎನಕ್ ಅಭ್ಯಾಸಬಲದಿಂದ ಎಣಿಸಿದ. ಒಂಬತ್ತಕ್ಕೆ ಕಡಿಯಿತು. ಅವನು ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟು, ಮತ್ತೆ ಶುರುವಾಗುವುದನ್ನು ಕಾಯುತ್ತ ಕೂತ.